ಕೈಟ್‌ಸರ್ಫಿಂಗ್ ಶೂಟ್ ಮಾಡ್ಲಿಕ್ಕೆ ಮೈಮೇಲೆ ಕಟ್ಟಿಕೊಳ್ಳುವ ಕ್ಯಾಮೆರಾ ಮೌಂಟ್ ಮನೆಯಲ್ಲೇ ಮಾಡ್ತಾ ಇದ್ದೇನೆ, ಯಾರಾದ್ರೂ ಮಾಡಿದವರು ಇದ್ದೀರಾ?

ಮಲ್ಪೆ_ಪಡುಗಾಳಿ:

ಎಲ್ಲರಿಗೂ ನಮಸ್ಕಾರ. ಊರು ಮಲ್ಪೆ, ಕೆಲಸ ಮಂಗಳೂರಲ್ಲಿ. ಎರಡು ವರ್ಷದಿಂದ ರಜೆ ಸಿಕ್ಕಿದಾಗೆಲ್ಲ ರಾಮೇಶ್ವರಕ್ಕೆ ಹೋಗಿ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟ ಎಳೆದ ಹಾಗೆ ಬೋರ್ಡ್ ಮೇಲೆ ನಿಂತು ನೀರಲ್ಲಿ ಹೋಗುವುದು) ಕಲೀತಾ ಇದ್ದೇನೆ. ಅಲ್ಲಿ ಲಗೂನ್ ಕಡೆ ನೀರು ಸೊಂಟದಷ್ಟೇ ಇರ್ತದೆ, ಬೇಸಿಗೆ ಕಳೆದ ಮೇಲೆ ನೈಋತ್ಯ ಗಾಳಿ, ಚಳಿಗಾಲಕ್ಕೆ ಈಶಾನ್ಯ ಗಾಳಿ, ಕಲಿಯುವವರಿಗೆ ಅದಕ್ಕಿಂತ ಒಳ್ಳೆ ಜಾಗ ನಾನಂತೂ ನೋಡಿಲ್ಲ.

ಈಗ ವಾಟರ್ ಸ್ಟಾರ್ಟ್, ಅಂದ್ರೆ ನೀರಿಂದ ಬೋರ್ಡ್ ಮೇಲೆ ಏಳುವುದು, ಬರ್ತದೆ, ಎರಡೂ ಕಡೆಗೆ ನೂರಿನ್ನೂರು ಮೀಟರ್ ಹೋಗ್ತೇನೆ, ಆದ್ರೆ ಅಪ್‌ವಿಂಡ್, ಅಂದ್ರೆ ಗಾಳಿ ಬರುವ ಕಡೆಗೆ, ಹೋಗ್ಲಿಕ್ಕೆ ಮಾತ್ರ ಬರುವುದೇ ಇಲ್ಲ. ಪ್ರತಿ ರೌಂಡಿಗೂ ಗಾಳಿ ಹೋಗುವ ಕಡೆಗೇ ಜಾರಿ ಜಾರಿ ಕೊನೆಗೆ ಬೋರ್ಡು ಕೈಯಲ್ಲಿ ಹಿಡ್ಕೊಂಡು ನೀರಲ್ಲಿ ನಡ್ಕೊಂಡು ವಾಪಸ್ ಬರುವುದೇ ಆಗಿದೆ. ಇನ್‌ಸ್ಟ್ರಕ್ಟರ್ ಹೇಳುವುದು ಒಂದೇ, ಸೊಂಟ ಮುಂದೆ ಹಾಕು, ಹಿಂದಿನ ಕೈ ಎಳೀಬೇಡ, ಬೋರ್ಡ್ ನೋಡ್ಬೇಡ ಅಂತ. ನಾನು ಹಾಗೇ ಮಾಡ್ತಾ ಇದ್ದೇನೆ ಅಂತ ನನಗೆ ಅನಿಸ್ತದೆ, ಆದ್ರೆ ಹೊರಗಿಂದ ನೋಡಿದವರಿಗೆ ಬೇರೆಯೇ ಕಾಣ್ತದಂತೆ. ಹಾಗಾಗಿ ನನ್ನ ಇಡೀ ಮೈ ಕಾಣುವ ಹಾಗೆ ವಿಡಿಯೋ ಬೇಕು, ಅದೂ ನಾನು ಒಬ್ಬನೇ ಇರುವಾಗ. ಡ್ರೋನ್ ಬೇಡ, 18-20 ನಾಟ್ ಗಾಳಿಯಲ್ಲಿ ಕೈಟ್ ಲೈನ್‌ಗಳ ಮಧ್ಯೆ ಅದನ್ನು ಹಾರಿಸುವ ಧೈರ್ಯ ಇಲ್ಲ.

ಮಾಡಿದ್ದು ಎಂತ ಅಂದ್ರೆ, ಒಂದು ಹಳೇ ಸ್ಕೂಲ್ ಬ್ಯಾಗಿನ ಬೆನ್ನಿನ ಭಾಗ ಮತ್ತು ಪಟ್ಟಿ ಇಟ್ಕೊಂಡು ಉಳಿದದ್ದು ಕತ್ತರಿಸಿದೆ. ಒಳಗೆ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆ ಒಂದನ್ನು ಸೇರಿಸಿ ಚಪ್ಪಲಿ ಹೊಲಿಯುವವರ ಹತ್ರ ಹೊಲಿಸಿದೆ. ಅದಕ್ಕೆ ಮುಕ್ಕಾಲು ಇಂಚಿನ ಸಿಪಿವಿಸಿ ಪೈಪು, ಬೆನ್ನಿಂದ ಮೇಲೆ 80 ಸೆಂಟಿಮೀಟರ್, ತುದಿಯಲ್ಲಿ 45 ಡಿಗ್ರಿ ಎಲ್ಬೋ, ಅದರ ಮೇಲೆ ಸೆಕೆಂಡ್‌ಹ್ಯಾಂಡ್ ಗೋಪ್ರೊ ಹೀರೊ 9 ಕ್ಯಾಮೆರಾ, ಕೆಳಗೆ ನನ್ನನ್ನೇ ನೋಡುವ ಹಾಗೆ. ಗೇಮ್‌ಗಳಲ್ಲಿ ಹಿಂದಿನಿಂದ ಕಾಣ್ತದಲ್ಲ ಆ ಥರ ಬರ್ಬೇಕು ಅಂತ ಆಸೆ.

ತೊಂದರೆ ಎರಡು. ಒಂದು, ವಿಡಿಯೋ ಸಿಕ್ಕಾಪಟ್ಟೆ ಅಲುಗಾಡ್ತದೆ, ಪೈಪು ಬಿದಿರಿನ ಗಳದ ಹಾಗೆ ಆಡ್ತದೆ. ಎರಡು, ಹೋದ ಸಲ ಹಿಂದಕ್ಕೆ ಬಿದ್ದಾಗ ಪೈಪು ನೀರಿಗೆ ತಾಗಿ ಇಡೀ ಬ್ಯಾಗು ಮೇಲಕ್ಕೆ ಎಳೆದು ಪಟ್ಟಿ ಕುತ್ತಿಗೆಗೆ ಬಂತು, ಮೂರು ದಿನ ಕುತ್ತಿಗೆ ತಿರುಗಿಸ್ಲಿಕ್ಕೆ ಆಗ್ಲಿಲ್ಲ. ಪೈಪು ದಪ್ಪ ಮಾಡಿ, ಸೊಂಟಕ್ಕೆ ಇನ್ನೊಂದು ಬೆಲ್ಟ್ ಹಾಕಿ ಗಟ್ಟಿ ಮಾಡಿದ್ರೆ ಸರಿ ಹೋಗ್ತದಾ? ಯಾರಾದ್ರೂ ಮಾಡಿದವರು ಇದ್ರೆ ದಯವಿಟ್ಟು ಹೇಳಿ, ಮುಂದಿನ ತಿಂಗಳು ಮತ್ತೆ ಹೋಗ್ಲಿಕ್ಕುಂಟು.

ಪದರಪದರ:

ಸಖತ್ ಪ್ರಾಜೆಕ್ಟ್ ಗುರು! ನಾನು ಬೆಂಗಳೂರು, ಕೈಟ್ ಮಾಡಲ್ಲ, ಆದ್ರೆ 3ಡಿ ಪ್ರಿಂಟಿಂಗ್ ದಿನಾ ಮಾಡ್ತೀನಿ, ಬೈಕ್ ಮತ್ತೆ ಸೈಕಲ್‌ಗೆ ಗೋಪ್ರೊ ಮೌಂಟ್‌ಗಳನ್ನ ಎಷ್ಟು ಮಾಡಿದೀನೋ ಲೆಕ್ಕ ಇಲ್ಲ, ಅದರ ಮೇಲೆ ಹೇಳ್ತಿದೀನಿ.

ಅಲುಗಾಟಕ್ಕೆ ಮೊದಲ ಕಾರಣ ಪೈಪ್ ಉದ್ದ. ಉದ್ದ ಡಬಲ್ ಆದ್ರೆ ಬಾಗೋದು ಡಬಲ್ ಅಲ್ಲ, ಎಂಟು ಪಟ್ಟು, ಅದಕ್ಕೇ 80ರ ಬದಲು 40 ಮಾಡಿದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಎರಡನೇದು ಗೋಪ್ರೊ ಕೆಳಗಿನ ಆ ಬೆರಳುಗಳ ಜಾಯಿಂಟ್, ಅದರ ಎಂ5 ಸ್ಕ್ರೂನ ಕೈಯಲ್ಲಿ ಎಷ್ಟೇ ತಿರುಗಿಸಿದ್ರೂ ಸಾಲಲ್ಲ, ಸ್ಪ್ಯಾನರ್ ಹಾಕಿ ಅರ್ಧ ಸುತ್ತು ಜಾಸ್ತಿ ಬಿಗಿ ಮಾಡಿ. ಸಮುದ್ರದ ನೀರು ಅಂದ್ರೆ ಮಾಮೂಲಿ ಸ್ಕ್ರೂ ಒಂದೇ ಟ್ರಿಪ್‌ಗೆ ತುಕ್ಕು, ಸ್ಟೇನ್‌ಲೆಸ್ 316 ಅಂತ ಕೇಳಿ ತಗೊಳ್ಳಿ, 304 ಕೊಟ್ರೆ ಅದೂ ಉಪ್ಪು ನೀರಲ್ಲಿ ನಿಧಾನಕ್ಕೆ ಕಲೆ ಬೀಳುತ್ತೆ.

ಪ್ರಿಂಟ್ ಮಾಡ್ಸೋದಾದ್ರೆ ಪಿಎಲ್‌ಎ ಪ್ಲಾಸ್ಟಿಕ್ ಬೇಡವೇ ಬೇಡ. ಅದು 60 ಡಿಗ್ರಿ ಹತ್ರ ಮೆತ್ತಗಾಗುತ್ತೆ, ಬಿಸಿಲಲ್ಲಿ ನಿಲ್ಸಿದ ಕಾರಲ್ಲಿ ಬಿಟ್ರೆ ಸಾಯಂಕಾಲಕ್ಕೆ ಸೊಟ್ಟಗೆ ಸಿಗುತ್ತೆ. ಪಿಇಟಿಜಿ ಪರವಾಗಿಲ್ಲ, ಬಿಸಿಲಿಗೆ ಅದಕ್ಕಿಂತ ಎಎಸ್‌ಎ ಒಳ್ಳೇದು. ಮತ್ತೆ ಪ್ರಿಂಟ್ ಮಾಡುವಾಗ ಮಲಗಿಸಿ ಮಾಡ್ಸಿ, ನಿಲ್ಸಿ ಮಾಡಿದ್ರೆ ಪದರ ಪದರವಾಗಿ ಬಿಟ್ಕೊಂಡು ಮುರಿಯುತ್ತೆ.

ಒಂದು ಡೌಟು, ಮಣಿಕಟ್ಟಿಗೆ ಯಾಕೆ ಕಟ್ಕೋಬಾರದು? ಗೋಪ್ರೊ ಶುರುವಾಗಿದ್ದೇ ಹಾಗಲ್ವಾ. ನಿಕ್ ವುಡ್‌ಮನ್ 2002ರಲ್ಲಿ ಆಸ್ಟ್ರೇಲಿಯಾ, ಇಂಡೋನೇಷ್ಯಾ ಕಡೆ ಸರ್ಫಿಂಗ್‌ಗೆ ಹೋದಾಗ ಕ್ಯಾಮೆರಾನ ಕೈಗೆ ಕಟ್ಕೊಳ್ಳೋ ಪಟ್ಟಿ ಮಾಡೋಕೆ ಹೋಗಿ ಕಂಪನಿನೇ ಆಯ್ತು, 2004ರಲ್ಲಿ ಬಂದ ಮೊದಲ ಹೀರೊ ಅಂತೂ 35 ಎಂಎಂ ಫಿಲ್ಮ್ ರೋಲ್ ಹಾಕೋ ಕ್ಯಾಮೆರಾ, ಮಣಿಕಟ್ಟಿಗೆ ಕಟ್ಕೊಳ್ಳೋ ಥರದ್ದೇ.

ಜುಮೇರಾ_ಕುಡ್ಲ:

ಮಲ್ಪೆಯವರೇ, ಮೊದಲು ಒಂದು ಕೈ ಮುಗಿದು ಕೇಳ್ತೇನೆ, ಆ ಪೈಪಿನ ಬ್ಯಾಗನ್ನು ಕೈಟ್ ಜೊತೆ ಇನ್ನೊಮ್ಮೆ ಹಾಕ್ಬೇಡಿ. ಗಟ್ಟಿ ಮಾಡುವುದಂತೂ ಬೇಡವೇ ಬೇಡ ಮಾರಾಯ್ರೆ. ನಿಮಗೆ ಕುತ್ತಿಗೆ ನೋವಲ್ಲಿ ಮುಗಿದದ್ದು ಆ ಪೈಪು ಆಡ್ತಾ ಇತ್ತು, ಪಟ್ಟಿ ಸಡಿಲ ಇತ್ತು ಅಂತ.

ನಾನು ಮಂಗಳೂರಿನವ, ದುಬೈಯಲ್ಲಿ 11 ವರ್ಷದಿಂದ ಇದ್ದೇನೆ, ಇಲ್ಲಿ ಉಮ್ ಸುಕೈಮ್ ಹತ್ರದ ಕೈಟ್ ಬೀಚಲ್ಲೇ ಕಲಿತದ್ದು. ನಾನೂ ಶುರುವಿಗೆ ಹೆಲ್ಮೆಟ್ ಮೇಲೆ, ನೆತ್ತಿಯಲ್ಲಿ, ಅಂಟಿಸುವ ಮೌಂಟ್ ಹಾಕ್ತಾ ಇದ್ದೆ. ಒಂದು ದಿನ ಗಾಳಿ ಒಮ್ಮೆ ಪೂರ್ತಿ ಬಿದ್ದುಹೋಯ್ತು, ಕೈಟ್ ನನ್ನ ಕಡೆಗೇ ತೇಲಿ ಬಂದು ನೀರಿಗೆ ಬಿತ್ತು, ಲೈನ್‌ಗಳೆಲ್ಲ ಸಡಿಲ ಆಗಿ ನನ್ನ ಸುತ್ತ ನೀರಲ್ಲಿ ಬಿದ್ದವು. ಬಾರ್ (ಕೈಟ್ ನಡೆಸುವ ಹಿಡಿಕೆ) ಸರಿ ಮಾಡ್ಕೊಳ್ತಾ ಇದ್ದೆ, ಆಗ ಗಾಳಿ ವಾಪಸ್ ಬಂದು ಕೈಟ್ ತಾನಾಗಿ ಎದ್ದಿತು. ಒಂದು ಲೈನ್ ಕ್ಯಾಮೆರಾದ ಹಿಂದೆ ಸಿಕ್ಕಿತ್ತು ಅಂತ ಗೊತ್ತಾದದ್ದು ತಲೆ ಹಿಂದಕ್ಕೆ ಹೋದಾಗ. ಗದ್ದದ ಪಟ್ಟಿ ಗಂಟಲಿಗೆ ಒತ್ತಿ ಉಸಿರು ಬರ್ಲಿಲ್ಲ. ಎಷ್ಟು ಹೊತ್ತು ಅಂತ ಹೇಳ್ಲಿಕ್ಕೆ ಗೊತ್ತಿಲ್ಲ, ಎರಡು ಸೆಕೆಂಡ್ ಇರ್ಬಹುದು, ಅಷ್ಟರಲ್ಲಿ ಆ ಅಂಟು ಬಿಟ್ಟಿತು, ಕ್ಯಾಮೆರಾ ಹಾರಿ ಹೋಯ್ತು, ನಾನು ಬಚಾವಾದೆ. ಕ್ಯಾಮೆರಾ ಸಿಗ್ಲೇ ಇಲ್ಲ. ಅವತ್ತಿಂದ ನನ್ನ ಲೆಕ್ಕ ಇಷ್ಟೇ, ತಲೆಗಿಂತ ಮೇಲೆ ಅಥವಾ ಬೆನ್ನಿಂದ ಹೊರಗೆ ಎಂತದೂ ಚಾಚಿಕೊಂಡು ಇರ್ಬಾರ್ದು, ಇದ್ರೆ ಅದು ಲೈನ್‌ಗೆ ಕೊಕ್ಕೆ ಆಗ್ತದೆ. 20-24 ಮೀಟರಿನ ನಾಲ್ಕು ಲೈನ್, ಎರಡು ಮಿಲಿಮೀಟರ್ ದಪ್ಪವೂ ಇಲ್ಲದ ಡೈನೀಮಾ ದಾರ, ಅದಕ್ಕೆ ಬಲ ಬಂದಾಗ ಬೆರಳು ಕತ್ತರಿಸುವಷ್ಟು ಹರಿತ. ನಿಮ್ಮ 80 ಸೆಂಟಿಮೀಟರ್ ಪೈಪಿಗೆ ಅದು ಸಿಕ್ಕಿದ್ರೆ ಬ್ಯಾಗಿನ ಪಟ್ಟಿ ಇರುವುದು ಕುತ್ತಿಗೆ ಹತ್ರ, ಅದನ್ನು ಯೋಚಿಸಿ. ಹಾರ್ನೆಸ್‌ನಲ್ಲಿ, ಅಂದ್ರೆ ಕೈಟ್ ಸಿಕ್ಕಿಸುವ ಸೊಂಟದ ಪಟ್ಟಿಯಲ್ಲಿ, ಲೈನ್ ಕಟರ್ ಉಂಟಾ? ಇಲ್ಲದಿದ್ರೆ ಮೌಂಟಿಗಿಂತ ಮೊದಲು ಅದು ತಗೊಳ್ಳಿ.

ಪದರಪದರ ಅವರೇ, ಮಣಿಕಟ್ಟು ಸರ್ಫಿಂಗಿಗೆ ಸರಿ, ಅಲ್ಲಿ ಕೈ ಖಾಲಿ ಇರ್ತದೆ. ಇಲ್ಲಿ ಎರಡೂ ಕೈ ಬಾರ್ ಮೇಲೆ, ಬರುವುದು ಬಾರ್ ಮತ್ತು ಆಕಾಶ ಮಾತ್ರ. ಎದೆಯ ಮೌಂಟ್ ಕೂಡ ಹಾಗೇ, ಹಾರ್ನೆಸ್ ಹುಕ್ಕು, ಅದಕ್ಕೆ ಬಾರನ್ನು ಸಿಕ್ಕಿಸುವ ಚಿಕನ್ ಲೂಪು, ನಮ್ಮ ಮೊಣಕೈ, ಅಷ್ಟೇ ಕಾಣ್ತದೆ, ಮೇಲಿಂದ ಕೈಟನ್ನು ಬಿಡಿಸುವ ಕ್ವಿಕ್ ರಿಲೀಸಿಗೆ ಕೈ ಹೋಗುವ ದಾರಿಯಲ್ಲಿ ಕ್ಯಾಮೆರಾ ಅಡ್ಡ.

ಹುಬ್ಬಳ್ಳಿ_ಟು_ಮಸ್ಕತ್:

ಜುಮೇರಾದವರು ಹೇಳಿದ್ದು ಖರೇ ಅದ ನೋಡ್ರಿ. ನಾ ಮಸ್ಕತ್‌ನ್ಯಾಗ ಮೆಕ್ಯಾನಿಕಲ್ ಕೆಲಸದಾಗ ಅದೀನಿ, ಬ್ಯಾಸಿಗ್ಯಾಗ ಮಸೀರಾ ದ್ವೀಪಕ್ಕ ಹೋಗ್ತೀವಿ, ಅಲ್ಲಿ ಜೂನ್‌ದಿಂದ ಗಾಳಿ ಹೆಂಗ ಬರ್ತದ ಅಂದ್ರ ನಿಂತ್ರ ಮಾರಿಗೆ ಉಸುಕು ಹೊಡೀತದ. ಲೈನ್ ಸಿಗೂದು ಒಂದ್ ಕಡೆ ಇರ್ಲಿ, ಬರೇ ನೀರಿಗೆ ಬಿದ್ರ ಏನಾಗ್ತದ ಅಂತ ಲೆಕ್ಕಾ ಹಾಕಿ ತೋರಸ್ತೀನಿ, ಯಾಕಂದ್ರ ಪೈಪ್ ದಪ್ಪ ಮಾಡ್ತೀನಿ ಅನ್ನೂ ವಿಚಾರ ಅಲ್ಲೇ ಬಿಟ್ಟು ಹೋಗ್ತದ.

ಹೀರೊ 9 ಮುಂದಿನ ಮಾರಿ ಹೆಚ್ಚೂಕಮ್ಮಿ 71 ಗುಣಿಸು 55 ಮಿಲಿಮೀಟರ್. ತಾಸಿಗೆ 40 ಕಿಲೋಮೀಟರ್ ಸ್ಪೀಡ್‌ನ್ಯಾಗ ಅದು ನೀರಿಗೆ ಎದುರಾಗಿ ಹೋತು ಅಂದ್ರ ನೀರು ಅದನ್ನ ಹಿಂದಕ್ಕ ದೂಡೂ ಬಲ 25 ಕೆಜಿ ತೂಕದಷ್ಟು. ಗಾಳ್ಯಾಗ ಅಲ್ರೀ, ನೀರಾಗ, ನೀರು ಗಾಳಿಕಿಂತ ಎಂಟುನೂರು ಪಟ್ಟು ಜಾಡ ಅದ. 20 ಕಿಲೋಮೀಟರ್ ಸ್ಪೀಡ್ ಆದ್ರ ಆರು ಕೆಜಿ, ಯಾಕಂದ್ರ ಸ್ಪೀಡ್ ಅರ್ಧಾ ಆದ್ರ ಬಲ ಕಾಲುಭಾಗ ಆಗ್ತದ. ಈಗ ಆ 25 ಕೆಜಿನ ನಿಮ್ಮ 80 ಸೆಂಟಿಮೀಟರ್ ಪೈಪಿನ ತುದಿಗೆ ತೂಗ ಹಾಕಿದ ಹಂಗ ವಿಚಾರ ಮಾಡ್ರಿ, ಅದರ ಬುಡ ನಿಮ್ಮ ಬೆನ್ನಿನ ಮ್ಯಾಲೆ. ಮಳಿನೀರಿನ ಟ್ಯಾಂಕ್ ಮುಚ್ಚಳಾ ಎಬ್ಬಸಾಕ ಸಬ್ಬಲ್ ಹಾಕ್ತೀವಲ್ಲ ಹಂಗ, ಎಬ್ಬಸೂದು ನಿಮ್ಮ ಬೆನ್ನ. ಪೈಪ್ ಗಟ್ಟಿ ಆದಷ್ಟೂ ಆ ಪೆಟ್ಟು ಪೂರ್ತಿ ನಿಮಗ ಬರ್ತದ.

ಅದಕ್ಕ ಮೈಮ್ಯಾಲಿಂದು ಏನ ಮಾಡಿದ್ರೂ ಒಂದು ಜಾಗಾ ಬೇಕಂತನ ಕಮ್ಮಿ ಗಟ್ಟಿ ಇಟ್ಟಿರ್ಬೇಕು, ಜಗ್ಗಿದ್ರ ಅಲ್ಲೇ ಹರೀಬೇಕು. ನಾ ಹೆಲ್ಮೆಟ್ ಪಕ್ಕದಾಗ ಹಾಕಾಕ ಗಾಳದ ನೈಲಾನ್ ದಾರ ಉಪಯೋಗಸ್ತೀನಿ. ದಾರದ ರೀಲ್ ಮ್ಯಾಲೆ ಎಷ್ಟ ಕೆಜಿ ಅಂತ ಬರ್ದಿರ್ತದ, ಗಂಟು ಹಾಕಿದ್ರ ಅದರಾಗ ಭಾಳ ಕಮ್ಮಿ ಆಗ್ತದ, ಅದಕ್ಕ ಬರದದ್ದು ನಂಬಬ್ಯಾಡ್ರಿ. ಮನ್ಯಾಗ ಒಂದು ಬಕೆಟ್‌ಗೆ ಆ ದಾರಾ ಕಟ್ಟಿ ತೂಗ ಹಾಕಿ ಲೀಟರ್ ಲೆಕ್ಕಕ್ಕ ನೀರು ಹಾಕ್ಕೋತ ಹೋಗ್ರಿ, ಒಂದು ಲೀಟರ್ ಅಂದ್ರ ಒಂದು ಕೆಜಿ. ನಂದು ಬಕೆಟ್ ಸಮೇತ 5 ಕೆಜಿಗೆ ಹರೀತದ, ಅಷ್ಟ ಸಾಕು. ಝಿಪ್ ಟೈ ಹಾಕಬ್ಯಾಡ್ರಿ, ಹೊಸಾದಿದ್ದಾಗ ಭಾಳ ಗಟ್ಟಿ, ಬಿಸಲಾಗ ನಾಲ್ಕ ತಿಂಗಳು ಇದ್ದದ್ದು ಯಾವಾಗ ಮುರೀತದ ದೇವರಿಗೇ ಗೊತ್ತು.

ಪದರಪದರ:

ಗಟ್ಟಿ ಮಾಡಿ ಅಂತ ನಾನು ಹೇಳಿದ್ದನ್ನ ವಾಪಸ್ ತಗೋತೀನಿ. ಬೈಕ್ ತಲೇಲಿಟ್ಕೊಂಡು ಬರೆದುಬಿಟ್ಟೆ, ಲೈನ್ ವಿಷಯ ಗೊತ್ತೇ ಇರ್ಲಿಲ್ಲ. ಮಲ್ಪೆಯವರೇ ದಯವಿಟ್ಟು ಪೈಪ್, ಬಿಗಿ ಮಾಡೋದರ ಬಗ್ಗೆ ನಾನು ಬರೆದಿದ್ದನ್ನ ಫಾಲೋ ಮಾಡ್ಬೇಡಿ. 316 ಸ್ಕ್ರೂ ಮತ್ತೆ ಪಿಎಲ್‌ಎ ಬಗ್ಗೆ ಬರೆದಿದ್ದು ಮಾತ್ರ ಇಟ್ಕೊಳ್ಳಿ.

ಮೈಸೂರ್_ಅಲೆಗಾರ್ತಿ:

ನಾನೂ ರಾಮೇಶ್ವರದಲ್ಲೇ ಕಲಿತಿದ್ದು, ಮೂರು ಸೀಸನ್ ಆಯ್ತು. ನಾನು ಮಾಡ್ಕೊಂಡಿರೋದು ಬಾಯಲ್ಲಿ ಕಚ್ಕೊಳ್ಳೋ ಮೌಂಟು, ಇನ್ನೂರು ರೂಪಾಯಿ ಒಳಗೇ ಆಯ್ತು, ಹೇಗೆ ಅಂತ ಹೇಳ್ತೀನಿ.

ಹಳೇ ಸ್ನಾರ್ಕೆಲ್ ಒಂದು ಬಿದ್ದಿತ್ತು, ಅದರ ಬಾಯಿಗೆ ಹಾಕೋ ಸಿಲಿಕೋನ್ ತುಂಡು ಕಿತ್ಕೊಂಡೆ. ಅದರ ಒಳಗಡೆ ತೂತು ಇರುತ್ತಲ್ಲ, ಅದಕ್ಕೆ ಸರಿಯಾಗಿ ಕೂರೋ ಪೈಪ್ ತುಂಡು ಹಾಕಿ, ಗೋಪ್ರೊ ಫ್ರೇಮ್‌ನ ಹಿಂದಕ್ಕೆ ಸೇರಿಸಿದೆ, ಆದ್ರೆ ಪೈಪಿನ ಇನ್ನೊಂದು ತುದಿ ಕ್ಯಾಮೆರಾದ ಬೆನ್ನಿಗೆ ಮುಚ್ಚಿಹೋಗಬಾರದು, ಪಕ್ಕದಲ್ಲಿ ಎರಡು ದೊಡ್ಡ ತೂತು ಕೊರೀಬೇಕು. ಯಾಕಂದ್ರೆ ಬಾಯಲ್ಲೇ ಉಸಿರಾಡ್ಬೇಕಾಗುತ್ತೆ, ಕೈಟ್ ಎಳೀತಿರುವಾಗ ಮೂಗಿನ ಉಸಿರು ಸಾಕಾಗಲ್ಲ. ಮೊದಲನೇ ಸಲ ತೂತು ಚಿಕ್ಕದಾಗಿ ಕೊರೆದು ಎರಡೇ ನಿಮಿಷಕ್ಕೆ ಉಗಿದುಬಿಟ್ಟೆ.

ತೇಲೋಕೆ ಮಕ್ಕಳು ನೆಲದ ಮೇಲೆ ಜೋಡಿಸಿ ಆಡ್ತಾರಲ್ಲ ಬಣ್ಣಬಣ್ಣದ ಫೋಮ್ ಚೌಕಗಳು, ಅದರಲ್ಲಿ ಕಿತ್ತಳೆ ಬಣ್ಣದ್ದು ಕತ್ತರಿಸಿ ಎರಡು ಪದರ ಫ್ರೇಮ್ ಸುತ್ತ ಹಾಕಿದೀನಿ. ಹೀರೊ 9 ತೂಕ 158 ಗ್ರಾಂ, ನೀರಲ್ಲಿ ಹಾಕಿದ್ರೆ ಹಾಗೇ ಮುಳುಗುತ್ತೆ, ಆದ್ರೆ ನೀರೊಳಗೆ ಅದರ ತೂಕ 40 ಗ್ರಾಂನಷ್ಟೇ, ಅದಕ್ಕೆ ಸ್ವಲ್ಪ ಫೋಮ್ ಸಾಕು. ನಾನು ಲೆಕ್ಕಕ್ಕಿಂತ ಡಬಲ್ ಹಾಕಿದೆ. ಮನೇಲಿ ಬಕೆಟ್‌ನ ಸಿಹಿನೀರಲ್ಲಿ ತೇಲಿದ್ರೆ ಸಮುದ್ರದಲ್ಲಿ ಇನ್ನೂ ಚೆನ್ನಾಗಿ ತೇಲುತ್ತೆ. ಕ್ಯಾಮೆರಾ ಹಾಕೋ ಮೊದಲು ಅಷ್ಟೇ ತೂಕದ ಯಾವುದಾದ್ರೂ ಡಬ್ಬಿ ಇಟ್ಟು ನೋಡೋದಲ್ಲ, ಕ್ಯಾಮೆರಾನೇ ಇಟ್ಟು ನೋಡಿ, ಡಬ್ಬಿ ಅಳತೆ ಬೇರೆ ಆದ್ರೆ ತೇಲೋದೂ ಬೇರೆ ಆಗುತ್ತೆ.

ಒಂದೇ ಒಂದು ವಿಷಯ ದೊಡ್ಡಕ್ಷರದಲ್ಲಿ ಬರೀಬೇಕು ಅನಿಸುತ್ತೆ. ಅದಕ್ಕೆ ಕುತ್ತಿಗೆಗೆ ಹಾಕ್ಕೊಳ್ಳೋ ದಾರ ಕಟ್ಬೇಡಿ. ಎಲ್ಲರಿಗೂ ಕ್ಯಾಮೆರಾ ಕಳ್ಕೊಳ್ಳೋ ಭಯಕ್ಕೆ ಮೊದಲು ಹೊಳೆಯೋದೇ ಅದು. ಬಾಯಿ ಮೌಂಟ್ ಸುರಕ್ಷಿತ ಅನ್ನೋದೇ ಬಿದ್ರೆ ಬಾಯಿಂದ ಬಿಟ್ಟುಹೋಗುತ್ತೆ ಅಂತ, ದಾರ ಕಟ್ಟಿದ್ರೆ ಏನು ಬಂತು.

ಇದರಲ್ಲೂ ತೊಂದರೆ ಇದೆ. ಹತ್ತು ನಿಮಿಷಕ್ಕಿಂತ ಜಾಸ್ತಿ ಕಚ್ಕೊಂಡ್ರೆ ದವಡೆ ನೋವು. ಎದುರಿಗೆ ಬರೋರಿಗೆ ಕೂಗಿ ಹೇಳೋಕಾಗಲ್ಲ, ಅದಕ್ಕೆ ಜನ ಜಾಸ್ತಿ ಇದ್ದಾಗ ನಾನು ಹಾಕೋದೇ ಇಲ್ಲ. ಜಂಪ್ ಮಾಡುವಾಗಲೂ ಹಾಕಲ್ಲ, ಮುಖ ಕೆಳಗಾಗಿ ಬಿದ್ರೆ ಹಲ್ಲಿಗೆ ಪೆಟ್ಟು. ಮತ್ತೆ ಇದರಲ್ಲಿ ನಿಮ್ಮ ಮೈ ಕಾಣಲ್ಲ, ನೀವು ನೋಡಿದ್ದು ಕಾಣುತ್ತೆ ಅಷ್ಟೇ. ಆದ್ರೂ ನಂಗೆ ತುಂಬಾ ಉಪಯೋಗ ಆಗಿದ್ದು ಹೇಗೆ ಅಂದ್ರೆ, ನಾನು ಎಲ್ಲಿ ನೋಡ್ತಿದೀನಿ ಅನ್ನೋದು ಗೊತ್ತಾಯ್ತು. ಇಪ್ಪತ್ತು ನಿಮಿಷದ ವಿಡಿಯೋದಲ್ಲಿ ಅರ್ಧ ಬರೀ ನನ್ನ ಬೋರ್ಡು. ಅಪ್‌ವಿಂಡ್ ಹೋಗ್ಬೇಕಾದ್ರೆ ಹೋಗ್ಬೇಕಾದ ಕಡೆ ಮುಖ ತಿರುಗಿಸ್ಬೇಕು, ಮುಖ ತಿರುಗಿದ್ರೆ ಭುಜ, ಭುಜ ತಿರುಗಿದ್ರೆ ಸೊಂಟ, ಹಾಗೆ.

ಲೆನ್ಸ್ ಮೇಲೆ ಹನಿ ನಿಲ್ಲೋದಕ್ಕೆ, ಒಣಗಿರುವಾಗ ನಾಲಿಗೆಯಿಂದ ಒಂದ್ಸಲ ಚೆನ್ನಾಗಿ ನೆಕ್ಕಿ ನೀರಲ್ಲಿ ಅದ್ದಿ, ಹನಿ ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡ್ಕೊಳ್ಳುತ್ತೆ. ಸರ್ಫಿಂಗ್‌ನೋರೆಲ್ಲ ಮಾಡೋದೇ ಇದು.

ಮಲ್ಪೆ_ಪಡುಗಾಳಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜುಮೇರಾದವರ ಕಥೆ ಓದಿ ರಾತ್ರಿಯೇ ಪೈಪು ಬಿಚ್ಚಿದೆ. ಅಪ್ಪನಿಗೂ ಓದಿ ಹೇಳಿದೆ, ಅವರು ಮೊದಲು ಬೋಟಲ್ಲಿ ಇದ್ದವರು, ಈಗ ಮನೆಯಲ್ಲಿ ಬಲೆ ಸರಿ ಮಾಡ್ತಾರೆ. ಅವರು ಹೇಳಿದ್ದು, ಬಲೆ ಬಿಡುವಾಗ ಅಂಗಿಯ ಗುಂಡಿ ಕೂಡ ಹೊರಗೆ ಇರ್ಬಾರ್ದು ಅಂತ ನಮಗೆ ಹಿರಿಯರು ಹೇಳ್ತಿದ್ರು, ನೀನು ಬೆನ್ನಿಗೆ ಕಂಬ ಕಟ್ಕೊಂಡು ಹೋಗಿದ್ದಿಯಾ ಅಂತ. ನನಗೆ ಅವರನ್ನು ಮೊದಲೇ ಕೇಳ್ಬೇಕು ಅಂತ ಹೊಳೀಲಿಲ್ಲ.

ಬಾಯಿ ಮೌಂಟ್ ಖಂಡಿತ ಮಾಡ್ತೇನೆ. ಫೋಮ್ ಬದಲು ಬಂದರಲ್ಲಿ ಬಲೆಗೆ ಹಾಕುವ ಬೆಂಡು ಸಿಗ್ತದೆ, ಚಿಕ್ಕ ಸೈಜಿನದ್ದು ಕೊಯ್ದು ಹಾಕ್ಬಹುದು. ಆದ್ರೆ ನನಗೆ ಮುಖ್ಯವಾಗಿ ಬೇಕಾದದ್ದು ನನ್ನ ಸ್ಟಾನ್ಸ್, ಅಂದ್ರೆ ನಿಲ್ಲುವ ಭಂಗಿ, ಕಾಣುವುದು. ಬಾರ್ ಮೇಲೆ ಲೈನ್‌ಗೇ ಕ್ಯಾಮೆರಾ ಕಟ್ಟಿ ಕೆಳಗೆ ನೋಡುವ ಹಾಗೆ ಮಾಡ್ತಾರಲ್ಲ, ಅದು ಮೈಮೇಲಿನದ್ದಲ್ಲ, ಸರಿ, ಆದ್ರೆ ಅದನ್ನು ಮನೆಯಲ್ಲಿ ಮಾಡ್ಬಹುದಾ? ಅದೂ ಅಪಾಯವಾ?

ಜುಮೇರಾ_ಕುಡ್ಲ:

ಒಳ್ಳೆ ಪ್ರಶ್ನೆ, ಮತ್ತು ಇದನ್ನು ನಿಧಾನಕ್ಕೆ ಬರೀತೇನೆ ಯಾಕಂದ್ರೆ ಇದ್ರಲ್ಲಿ ಜನ ತಪ್ಪುವುದು ಒಂದೇ ಜಾಗದಲ್ಲಿ.

ನೀವು ಕ್ವಿಕ್ ರಿಲೀಸ್ ಒತ್ತಿದಾಗ ಎಂತ ಆಗ್ತದೆ ನೆನಪು ಮಾಡಿ. ಚಿಕನ್ ಲೂಪ್ ಬಿಚ್ಚಿಕೊಳ್ತದೆ, ಬಾರ್ ನಿಮ್ಮಿಂದ ದೂರ ಹೋಗ್ತದೆ, ಕೈಟ್ ಬರೇ ಒಂದು ಮುಂದಿನ ಲೈನ್ ಮೇಲೆ ನಿಲ್ತದೆ, ಆ ಲೈನ್ ನಿಮ್ಮ ಸೇಫ್ಟಿ ಲೀಶಿಗೆ (ಹಾರ್ನೆಸ್‌ಗೆ ಕಟ್ಟಿದ ದಾರಕ್ಕೆ) ಸೇರಿದ್ದು. ಇಡೀ ಬಾರ್ ಆ ಲೈನ್ ಮೇಲೆ ಹಲವು ಮೀಟರ್ ಮೇಲಕ್ಕೆ ಜಾರ್ಬೇಕು, ಜಾರಿದ್ರೆ ಮಾತ್ರ ಉಳಿದ ಮೂರು ಲೈನ್ ಸಡಿಲ ಆಗಿ ಕೈಟ್ ಬಾವುಟದ ಹಾಗೆ ಪಟಪಟ ಅಂತ ಬಲ ಕಳ್ಕೊಳ್ತದೆ. ಈಗ ನೀವು ಎರಡೂ ಮುಂದಿನ ಲೈನ್‌ಗಳನ್ನು ಸೇರಿಸಿ ಒಂದು ಕ್ಲ್ಯಾಂಪ್ ಬಿಗಿದಿದ್ದೀರಿ ಅಂತ ಇಟ್ಕೊಳ್ಳಿ. ಬಾರ್ ಒಂದು ಮೀಟರ್ ಹೋಗಿ ಆ ಕ್ಲ್ಯಾಂಪಿಗೆ ಬಡಿದು ನಿಲ್ತದೆ. ರಿಲೀಸ್ ಒತ್ತಿದ್ದೀರಿ, ಆದ್ರೂ ಕೈಟ್ ಎಳೀತಾನೇ ಇರ್ತದೆ. ಜೀವ ಉಳಿಸುವ ವ್ಯವಸ್ಥೆಯನ್ನೇ ನಾವು ಕೈಯಾರೆ ಕಟ್ಟಿಹಾಕಿದ ಹಾಗೆ ಆಯ್ತು.

ಹಾಗಾಗಿ ಕ್ಲ್ಯಾಂಪ್ ಬಿಗಿಯಬೇಕಾದದ್ದು ಸೇಫ್ಟಿ ಅಲ್ಲದ ಮುಂದಿನ ಲೈನ್ ಒಂದಕ್ಕೇ. ಸೇಫ್ಟಿ ಲೈನ್ ಅದರ ಪಕ್ಕದ ಒಂದು ದೊಡ್ಡ, ನುಣುಪಾದ ಬಳೆಯ ಒಳಗಿಂದ ಸುಮ್ಮನೆ ಹಾದು ಹೋಗ್ಬೇಕು, ಕ್ಯಾಮೆರಾ ತಿರುಗದ ಹಾಗೆ ನೋಡ್ಕೊಳ್ಳಲಿಕ್ಕೆ ಮಾತ್ರ ಅದು. ರಿಲೀಸ್ ಆದಾಗ ಕ್ಲ್ಯಾಂಪ್ ಇರುವ ಲೈನೇ ಸಡಿಲ ಆಗ್ತದಲ್ಲ, ಬಾರ್ ಜೊತೆ ಮೌಂಟೂ ಮೇಲೆ ಹೋಗ್ತದೆ, ಎಂತದೂ ತಡೆಯುವುದಿಲ್ಲ. ಯಾವುದು ಸೇಫ್ಟಿ ಲೈನ್ ಅಂತ ಯಾರನ್ನೂ ಕೇಳ್ಬೇಡಿ, ಬಾರ್ ಬಾರಿಗೆ ಬೇರೆ ಇರ್ತದೆ. ಲೀಶ್ ಸಿಕ್ಕಿಸುವ ರಿಂಗಿಂದ ಕೈಯಲ್ಲಿ ಹಿಡ್ಕೊಂಡು ಮೇಲೆ ಮೇಲೆ ಹೋಗಿ, ನಿಮ್ಮ ಕೈಗೇ ಗೊತ್ತಾಗ್ತದೆ. ಹಿಂದಿನ ಲೈನ್‌ಗಳನ್ನು, ಅಂದ್ರೆ ಸ್ಟೀರಿಂಗ್ ಲೈನ್‌ಗಳನ್ನು, ಮುಟ್ಟಲೇಬೇಡಿ.

ಮಾಡಿ ಆದ ಮೇಲೆ ಮರಳಲ್ಲಿ ಟೆಸ್ಟ್. ಕೈಟ್ ಹಾಕುವುದೇ ಬೇಡ, ಲೈನ್‌ಗಳ ಆಚೆ ತುದಿಯನ್ನು ಒಬ್ಬ ಗೆಳೆಯ ಹಿಡ್ಕೊಂಡು ಜೋರಾಗಿ ಎಳೀಲಿ, ನೀವು ಹಾರ್ನೆಸಲ್ಲಿ ನಿಂತು ರಿಲೀಸ್ ಒತ್ತಿ. ಬಾರ್ ಸರಾಗ ಜಾರ್ಬೇಕು. ಹತ್ತು ಸಲ ಮಾಡಿ, ಹತ್ತೂ ಸಲ ಜಾರ್ಬೇಕು. ಒಂದು ಸಲ ಸಿಕ್ಕಿದ್ರೂ ಆ ಮೌಂಟ್ ಕಸಕ್ಕೆ.

ಲೈನ್ ಹಿಡಿಯುವ ಜಾಗಕ್ಕೆ ಲೋಹ ತಾಗಿಸ್ಬೇಡಿ, ಡೈನೀಮಾ ಜಾರುವ ದಾರ, ಅದಕ್ಕೆ ಜನ ಸ್ಕ್ರೂ ಬಿಗೀತಾ ಹೋಗಿ ದಾರವನ್ನೇ ಹಾಳು ಮಾಡ್ತಾರೆ. ಮೆತ್ತಗಿನ ರಬ್ಬರ್ ಇರ್ಬೇಕು.

ಹುಬ್ಬಳ್ಳಿ_ಟು_ಮಸ್ಕತ್:

ಇದಕ್ಕ ಸೈಕಲ್ ಟ್ಯೂಬ್ ರಬ್ಬರ್ ಛಲೋ ಆಗ್ತದ. ಮತ್ತ ನಿಮ್ಮ ಬ್ಯಾಗಿನಾಗ ಹಾಕಿದ ಆ ತರಕಾರಿ ಮಣಿ ಅದ ಅಲ್ರೀ, ಅದ ಎಚ್‌ಡಿಪಿಇ ಪ್ಲಾಸ್ಟಿಕ್ ಇದ್ರ ಅದನ್ನ ಕೊಯ್ದು ಕ್ಲ್ಯಾಂಪ್ ಮಾಡ್ರಿ, ನೀರಾಗ ತೇಲ್ತದ, ಉಪ್ಪಿಗೆ ಏನೂ ಆಗೂದಿಲ್ಲ, ಗರಗಸದಲೆ ಕೊಯ್ಯಾಕ ಬರ್ತದ. ಒಂದೇ ಮಾತು, ಅದಕ್ಕ ಯಾವ ಗಮ್ಮೂ ಹಿಡ್ಯೂದಿಲ್ಲ, ಆರಾಲ್ಡೈಟ್ ಹಚ್ಚಿದ್ರೂ ಸಿಪ್ಪಿ ಎದ್ದಂಗ ಏಳ್ತದ. ಬೋಲ್ಟ್ ಹಾಕ್ರಿ.

ಮಲ್ಪೆ_ಪಡುಗಾಳಿ:

ಐದು ವಾರ ಆದ ಮೇಲೆ ಬರೀತಾ ಇದ್ದೇನೆ, ಮೊನ್ನೆ ರಾಮೇಶ್ವರದಿಂದ ಬಂದೆ.

ಲೈನ್ ಮೌಂಟ್ ಆಯ್ತು! ಮಣೆ ಕೊಯ್ದು 9 ಗುಣಿಸು 4 ಸೆಂಟಿಮೀಟರಿನ ಎರಡು ಹಲಗೆ, ಮಧ್ಯದಲ್ಲಿ ಒಂದೇ ತೋಡು, ತೋಡಿನ ಒಳಗೆ ಸೈಕಲ್ ಟ್ಯೂಬು. ಎರಡು ಎಂ5 ಬೋಲ್ಟ್, 316, ನೈಲಾನ್ ಇರುವ ನಟ್. ಪಕ್ಕದ ಬಳೆಗೆ ಪಿವಿಸಿ ಪೈಪಿನ ತುಂಡು ಹಾಕಿ ಅಂಚನ್ನು ಸ್ಯಾಂಡ್‌ಪೇಪರಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದೆ. ಮೊದಲನೇ ಟೆಸ್ಟಲ್ಲಿ ಹತ್ತರಲ್ಲಿ ಎರಡು ಸಲ ಬಾರ್ ಸಿಕ್ಕಿತು, ಬೋಲ್ಟಿನ ತುದಿ ಉದ್ದ ಇದ್ದು ಅದಕ್ಕೆ ಸೇಫ್ಟಿ ಲೈನ್ ತಾಗ್ತಾ ಇತ್ತು. ಆ ಮೌಂಟ್ ಬಿಸಾಡಿ ಇನ್ನೊಂದು ಮಾಡಿದೆ, ಬೋಲ್ಟಿನ ತಲೆ ಹಲಗೆಯ ಒಳಗೇ ಕೂರುವ ಹಾಗೆ, ತುದಿ ಕೊಯ್ದು. ಆಮೇಲೆ ಹತ್ತಕ್ಕೆ ಹತ್ತು, ಮರುದಿನ ನೀರು ಮರಳು ತಾಗಿಸಿ ಮತ್ತೆ ಹತ್ತು. ಇನ್‌ಸ್ಟ್ರಕ್ಟರ್ ಕೂಡ ತಾನೇ ಎರಡು ಸಲ ಒತ್ತಿ ನೋಡಿ ಆಮೇಲೆ ನೀರಿಗೆ ಬಿಟ್ರು.

ಬೆಂಡು ಹಾಕುವ ಕೆಲಸ ಅಪ್ಪ ಮಾಡಿದ್ರು, ಕ್ಯಾಮೆರಾ ಫ್ರೇಮಿಗೆ ಬಲೆಯ ನೂಲಲ್ಲೇ ಸುತ್ತಿ ಕಟ್ಟಿದ್ದಾರೆ, ನಾಲ್ಕು ದಿನ ಬಿದ್ದು ಎದ್ದು ಒಂದು ಸುತ್ತು ಸಡಿಲ ಆಗ್ಲಿಲ್ಲ.

ವಿಡಿಯೋ 2.7ಕೆ, ಸೆಕೆಂಡಿಗೆ 60 ಫ್ರೇಮು, ವೈಡ್‌ನಲ್ಲೇ ಇಟ್ಟದ್ದು, ಅಷ್ಟು ಹತ್ತಿರದಿಂದ ಲೀನಿಯರ್ (ಅಗಲ ಕಡಿಮೆ ಕಾಣುವ ಮೋಡ್) ಇಟ್ರೆ ಬೋರ್ಡು ಫ್ರೇಮಿಂದ ಹೊರಗೆ ಹೋಗ್ತದೆ. ಅಲುಗಾಟ ಹೆಚ್ಚು ಕಡಿಮೆ ಇಲ್ಲ, ಲೈನ್ ಬಿಗಿ ಇರುವಾಗ ಕ್ಯಾಮೆರಾ ಕಲ್ಲಿನ ಹಾಗೆ ನಿಲ್ತದೆ. ಗಾಳಿಯ ಶಬ್ದ ಮಾತ್ರ ಭಯಂಕರ, ಅದಕ್ಕೆ ಎಂತ ಮಾಡ್ಲಿಲ್ಲ.

ಮತ್ತೆ ನೋಡಿದ್ರೆ ಎಲ್ಲವೂ ಕಾಣ್ತದೆ. ನಾನು ಸೊಂಟ ಮುಂದೆ ಹಾಕಿದ್ದೇನೆ ಅಂತ ತಿಳ್ಕೊಂಡದ್ದು ಸುಳ್ಳು, ಕುರ್ಚಿಯಲ್ಲಿ ಕೂತ ಹಾಗೆ ಮಡಚಿಕೊಂಡಿದ್ದೆ. ಸ್ವಲ್ಪ ಗಾಳಿ ಕಡಿಮೆ ಆದ ಕೂಡಲೇ ಬಾರ್ ಪೂರ್ತಿ ಎದೆಗೆ ಎಳ್ಕೊಳ್ತೇನೆ, ಕೈಟ್ ಹಿಂದಕ್ಕೆ ಬೀಳ್ತದೆ, ಬಲ ಹೋಗ್ತದೆ, ಮುಳುಗ್ತೇನೆ. ಇದನ್ನು ಎರಡು ವರ್ಷದಿಂದ ಅವರು ಹೇಳ್ತಾ ಇದ್ರು! ಮಧ್ಯಾಹ್ನ ಊಟದ ಹೊತ್ತಿಗೆ ಫೋನಲ್ಲಿ ನೋಡಿದ್ದು, ಸಾಯಂಕಾಲ ಮೊದಲನೇ ಸಲ ಹೊರಟ ಜಾಗಕ್ಕೇ ವಾಪಸ್ ಬಂದೆ, ಬೋರ್ಡ್ ಮೇಲೆಯೇ. ಒಂದೇ ಸಲ, ಆದ್ರೂ ಬಂದೆ.

ಬಾಯಿ ಮೌಂಟ್ ಒಂದು ದಿನ ಹಾಕಿದೆ, ಅಲೆಗಾರ್ತಿಯವರು ಹೇಳಿದ ಹಾಗೆ ಹತ್ತು ನಿಮಿಷಕ್ಕೆ ದವಡೆ ಹೋಯ್ತು. ಒಮ್ಮೆ ಬಾಯಿಂದ ಬಿಟ್ಟಿತು, ಕಿತ್ತಳೆ ಬಣ್ಣದ ಬೆಂಡು ಇದ್ದದ್ದರಿಂದ ಐವತ್ತು ಮೀಟರ್ ದೂರದಿಂದ ಕಂಡಿತು.

ಮೈಸೂರ್_ಅಲೆಗಾರ್ತಿ:

ಓದಿ ತುಂಬಾ ಖುಷಿ ಆಯ್ತು! ಹೊರಟ ಜಾಗಕ್ಕೆ ವಾಪಸ್ ಬರೋ ಆ ಮೊದಲನೇ ಸಲ ಇದೆಯಲ್ಲ, ಅದು ನಂಗೆ ಇನ್ನೂ ನೆನಪಿದೆ. ಆ ಎರಡು ಹಲಗೆ ಅಳತೆ ಸ್ವಲ್ಪ ಸರಿಯಾಗಿ ಕೊಡ್ತೀರಾ, ತೋಡಿನ ಆಳ, ಬಳೆ ಸೈಜು? ನಾನೂ ಒಂದು ಮಾಡ್ತೀನಿ, ಚಳಿಗಾಲದ ಗಾಳಿಗೆ ಹೋಗೋ ಮೊದಲು.

ಮಲ್ಪೆ_ಪಡುಗಾಳಿ:

ಹಲಗೆ ಒಂದೊಂದು 90 ಗುಣಿಸು 40, ದಪ್ಪ 10 ಮಿಲಿಮೀಟರ್. ತೋಡು ಎರಡೂ ಹಲಗೆಯಲ್ಲಿ ಒಂದೂವರೆ ಮಿಲಿಮೀಟರ್ ಆಳ, ಟ್ಯೂಬ್ ರಬ್ಬರ್ ಸೇರಿ ಲೈನ್ ಬಿಗಿಯಾಗ್ತದೆ. ತೋಡಿನ ಎರಡೂ ತುದಿಯಲ್ಲಿ ಅಂಚು ದುಂಡಗೆ ಮಾಡ್ಲೇಬೇಕು, ಲೈನ್ ಅಲ್ಲಿಯೇ ಮಡಚುವುದು. ಬಳೆಗೆ ಒಂದು ಇಂಚಿನ ಪಿವಿಸಿ ಪೈಪು, 15 ಮಿಲಿಮೀಟರ್ ಉದ್ದ ಕೊಯ್ದದ್ದು. ಬೋಲ್ಟು ಹಲಗೆಯ ಒಟ್ಟು ದಪ್ಪಕ್ಕಿಂತ ಹೊರಗೆ ಬರ್ಬಾರ್ದು, ನಟ್ಟಿಗೂ ಗುಂಡಿ ಕೊರೀಬೇಕು. ಆದ ಮೇಲೆ ಮರಳಲ್ಲಿ ಹತ್ತು ಸಲ ಒತ್ತಿ ನೋಡಿ, ನಂದು ಸರಿ ಆಯ್ತು ಅಂತ ನಿಮ್ಮ ಬಾರಿಗೂ ಸರಿ ಆಗ್ಬೇಕು ಅಂತ ಇಲ್ಲ.